ಒಂದೇ ಮತಪತ್ರ, ಎರಡು ತೀರ್ಪು

ಅಮೆರಿಕದ ಮತದಾರನ ಕೈಗೆ ಸಿಗುವ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆಗೆ ಅನೇಕ ಬಾರಿ ನೇರ ಪ್ರಶ್ನೆಗಳೂ ಅಚ್ಚಾಗಿರುತ್ತವೆ. ರಾಜ್ಯದ ಸಂವಿಧಾನಕ್ಕೆ ಇಂಥ ತಿದ್ದುಪಡಿ ಬೇಕೇ, ಇಂಥ ಕಾನೂನು ಇರಬೇಕೇ ಎಂಬುದಕ್ಕೆ 'ಹೌದು' ಅಥವಾ 'ಇಲ್ಲ' ಎಂದು ಗುರುತು ಹಾಕುವ ಈ ಕ್ರಮವನ್ನು ಜನಮತ ಎನ್ನಬಹುದು. ಭಾರತದ ಸಂವಿಧಾನದಲ್ಲಿ ಇದಕ್ಕೆ ಅವಕಾಶವಿಲ್ಲ. ಆದರೂ ಕನ್ನಡ ಓದುಗರಿಗೆ ಇದು ತೀರಾ ಅಪರಿಚಿತವೇನಲ್ಲ. ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರಲ್ಲಿ ಗರ್ಭಪಾತ ನಿರಾಕರಿಸಲ್ಪಟ್ಟು ಐರ್ಲೆಂಡಿನಲ್ಲಿ ತೀರಿಕೊಂಡ ಮೇಲೆ ಎದ್ದ ಚಳವಳಿಯ ಬಲದಿಂದ, ಆ ದೇಶ 2018ರಲ್ಲಿ ತನ್ನ ನಿಷೇಧವನ್ನು ತೆಗೆದುಹಾಕಿದ್ದು ಇಂಥ ಜನಮತದ ಮೂಲಕವೇ.

ಅಮೆರಿಕದಲ್ಲಿ ನಾಗರಿಕರೇ ಸಹಿ ಸಂಗ್ರಹಿಸಿ ಇಂಥ ಪ್ರಶ್ನೆ ಎತ್ತುವ ಪದ್ಧತಿ 1898ರಲ್ಲಿ ದಕ್ಷಿಣ ಡಕೋಟದಲ್ಲಿ ಆರಂಭವಾಗಿ, 1902ರಲ್ಲಿ ಆರೆಗಾನ್ ಅದನ್ನು ಅಳವಡಿಸಿಕೊಂಡ ಬಳಿಕ ಪಶ್ಚಿಮದ ಅನೇಕ ರಾಜ್ಯಗಳಿಗೆ ಹಬ್ಬಿತು. ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಮುಖಂಡರ ಬದಲು ಮತದಾರರೇ ನಿರ್ಧರಿಸುವ ಪ್ರೈಮರಿ ಚುನಾವಣೆಯೂ ಅದೇ ಕಾಲದ ಕೂಸು. ವಿಸ್ಕಾನ್ಸಿನ್ ರಾಜ್ಯದ ಪ್ರೈಮರಿ ಕಾನೂನಿಗೆ 1904ರಲ್ಲಿ ಒಪ್ಪಿಗೆ ದೊರೆತದ್ದು ಜನಮತದಿಂದಲೇ. ಭಾರತದಲ್ಲಿ ಹೈಕಮಾಂಡ್ ಹಂಚುವ ಟಿಕೆಟ್ಟನ್ನು ಅಲ್ಲಿ ಈ ಒಳಚುನಾವಣೆ ಹಂಚುತ್ತದೆ. ಪಕ್ಷದ ಯಜಮಾನರ ಹಿಡಿತ ಸಡಿಲಿಸಬೇಕೆಂಬ ಒಂದೇ ಉದ್ದೇಶದಿಂದ ಹುಟ್ಟಿದ ಈ ಎರಡು ಏರ್ಪಾಟುಗಳು ಗರ್ಭಪಾತದ ವಿಷಯದಲ್ಲಿ ಒಂದಕ್ಕೊಂದು ವಿರುದ್ಧವಾದ ಉತ್ತರ ಕೊಡುತ್ತಿರುವುದೇ ಇಂದಿನ ಪಕ್ಷ ರಾಜಕಾರಣದ ವೈಚಿತ್ರ್ಯ.

1970ರಲ್ಲಿ ವಾಷಿಂಗ್ಟನ್ ರಾಜ್ಯದ ಮತದಾರರು ಗರ್ಭಪಾತ ಕಾನೂನಿನ ಸಡಿಲಿಕೆಗೆ ಒಪ್ಪಿದ್ದರು. 1972ರಲ್ಲಿ ಮಿಷಿಗನ್ ಅಂಥದೇ ಪ್ರಸ್ತಾವವನ್ನು ತಿರಸ್ಕರಿಸಿತ್ತು. 1973ರ 'ರೋ' ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಸಂವಿಧಾನದತ್ತ ಹಕ್ಕೆಂದು ಸಾರಿದ್ದರಿಂದ ಮತಪೆಟ್ಟಿಗೆಯ ಮಾತಿಗೆ ಹೆಚ್ಚಿನ ತೂಕ ಉಳಿಯಲಿಲ್ಲ. ಆಗ ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಪಕ್ಷಗಳಲ್ಲಿ ಎರಡೂ ಅಭಿಪ್ರಾಯದವರಿದ್ದರು. ಮುಂದಿನ ದಶಕಗಳಲ್ಲಿ ಅವರನ್ನು ಜರಡಿ ಹಿಡಿದ ಸಾಧನಗಳಲ್ಲಿ ಪ್ರೈಮರಿ ಮುಖ್ಯವಾದುದು: ಗರ್ಭಪಾತವನ್ನು ವಿರೋಧಿಸುತ್ತಿದ್ದ ಇಲಿನಾಯ್‌ನ ಡೆಮಾಕ್ರಟಿಕ್ ಸಂಸದ ಡ್ಯಾನ್ ಲಿಪಿನ್‌ಸ್ಕಿ 2020ರ ಪ್ರೈಮರಿಯಲ್ಲಿ ಸೋತರೆ, ಅದೇ ನಿಲುವಿನ ಟೆಕ್ಸಸ್‌ನ ಹೆನ್ರಿ ಕ್ವೆಯ್ಯಾರ್ 2022ರಲ್ಲಿ ಕೇವಲ 289 ಮತಗಳಿಂದ ಬಚಾವಾದರು.

2022ರ ಜೂನ್ 24ರಂದು ಅದೇ ಸುಪ್ರೀಂ ಕೋರ್ಟಿನ 'ಡಾಬ್ಸ್' ತೀರ್ಪು 'ರೋ'ವನ್ನು ರದ್ದುಪಡಿಸಿ, ವಿಷಯವನ್ನು ಜನರಿಗೂ ಅವರ ಪ್ರತಿನಿಧಿಗಳಿಗೂ ಮರಳಿಸಿತು. ಮೊದಲ ಪರೀಕ್ಷೆ ನಡೆದದ್ದು ಕ್ಯಾನ್ಸಸ್‌ನಲ್ಲಿ. ರಾಜ್ಯದ ಸಂವಿಧಾನವೂ ಗರ್ಭಪಾತದ ಹಕ್ಕನ್ನು ಕಾಯುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತ್ತು. ಅದನ್ನು ಅಳಿಸಿಹಾಕುವ ತಿದ್ದುಪಡಿಯನ್ನು ರಿಪಬ್ಲಿಕನ್ ಬಹುಮತದ ಶಾಸನಸಭೆ ಆಗಸ್ಟಿನ ಪ್ರೈಮರಿ ದಿನದಂದೇ ಮತಕ್ಕೆ ಹಾಕಿತು. ದಿನದ ಆಯ್ಕೆಯಲ್ಲಿ ಲೆಕ್ಕಾಚಾರವಿತ್ತೆಂಬುದು ಸ್ಪಷ್ಟ. ಯಾವ ಪಕ್ಷಕ್ಕೂ ಸೇರದ ಮತದಾರರು ಸಾಮಾನ್ಯವಾಗಿ ಪ್ರೈಮರಿಯತ್ತ ಸುಳಿಯುವುದಿಲ್ಲ, ಆ ರಾಜ್ಯದ ಪ್ರೈಮರಿಗೆ ಬರುವವರಲ್ಲಿ ರಿಪಬ್ಲಿಕನ್ನರದೇ ಮೇಲುಗೈ. ಹಕ್ಕು ಉಳಿಯಬೇಕೆನ್ನುವವರು 'ಇಲ್ಲ' ಎನ್ನಬೇಕಾಗಿದ್ದ ಪ್ರಶ್ನೆಯೂ ತೊಡಕಿನದಾಗಿತ್ತು, ಸಾಲದೆಂಬಂತೆ ಹಿಂದಿನ ದಿನ 'ಹೌದು' ಎಂದರೆ ಹಕ್ಕು ಉಳಿಯುತ್ತದೆ ಎಂಬ ಸುಳ್ಳು ಸಂದೇಶಗಳು ಅನೇಕರ ಮೊಬೈಲಿಗೆ ಬಂದವು. ಆದರೂ 9 ಲಕ್ಷಕ್ಕೂ ಹೆಚ್ಚು ಜನ, ಅಂದರೆ 2018ರ ಪ್ರೈಮರಿಗಿಂತ ಸರಿಸುಮಾರು ಇಮ್ಮಡಿ ಮಂದಿ, ಮತ ಹಾಕಿ ತಿದ್ದುಪಡಿಯನ್ನು ಶೇ 59ರಷ್ಟು ಮತಗಳಿಂದ ತಳ್ಳಿಹಾಕಿದರು.

ಈ ಫಲಿತಾಂಶ ಜಗತ್ತಿಗೆಲ್ಲ ಸುದ್ದಿಯಾದಾಗ ಅದೇ ದಿನದ ಇನ್ನೊಂದು ಫಲಿತಾಂಶ ಬದಿಗೆ ಸರಿಯಿತು. ಗರ್ಭಪಾತದ ಕಟ್ಟಾ ವಿರೋಧಿ ಕ್ರಿಸ್ ಕೋಬಾಕ್ ರಿಪಬ್ಲಿಕನ್ ಪ್ರೈಮರಿ ಗೆದ್ದು, ನವೆಂಬರಿನಲ್ಲಿ ಅದೇ ಕ್ಯಾನ್ಸಸ್‌ನ ಅಟಾರ್ನಿ ಜನರಲ್ ಆದರು. ಜನಮತ ಕಾನೂನನ್ನು ನಿರ್ಧರಿಸಿದರೂ ಆ ಕಾನೂನಿನ ಪರ ವಾದಿಸಬೇಕಾದವರು ಯಾರೆಂಬುದು ಪ್ರೈಮರಿಯಿಂದ ಬಂತು.

ಇದರ ಇನ್ನಷ್ಟು ಕಟುವಾದ ರೂಪ ಕಂಡದ್ದು ದಕ್ಷಿಣ ಕ್ಯಾರೊಲಿನಾದಲ್ಲಿ. ನಾಗರಿಕರೇ ಸಹಿ ಸಂಗ್ರಹಿಸಿ ಪ್ರಶ್ನೆಯನ್ನು ಮತಪತ್ರಕ್ಕೆ ತರುವ ಅವಕಾಶ ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಮಾತ್ರ ಇದ್ದು, ಈ ರಾಜ್ಯ ಅವುಗಳಲ್ಲಿ ಸೇರಿಲ್ಲ. 2023ರಲ್ಲಿ ಬಹುತೇಕ ಪೂರ್ಣ ನಿಷೇಧದ ಮಸೂದೆ ಸೆನೆಟ್‌ಗೆ ಬಂದಾಗ ಐವರು ಸದಸ್ಯೆಯರು ಪಕ್ಷಭೇದ ಮರೆತು ಗಂಟೆಗಟ್ಟಲೆ ಮಾತನಾಡಿ ಅದನ್ನು ತಡೆದರು. ಅವರಲ್ಲಿ ರಿಪಬ್ಲಿಕನ್ನರಾದ ಕಟ್ರೀನಾ ಶೀಲಿ, ಸ್ಯಾಂಡಿ ಸೆನ್, ಪೆನ್ರಿ ಗಸ್ಟಾಫ್‌ಸನ್ ಮೂವರೂ 2024ರ ಪ್ರೈಮರಿಯಲ್ಲಿ ಸೋತರು. ಸೆನ್ ಸೋತದ್ದು ಐವತ್ತಕ್ಕೂ ಕಡಿಮೆ ಮತಗಳಿಂದ. ಮುಂದಿನ ಸೆನೆಟ್‌ನಲ್ಲಿ ಒಬ್ಬ ರಿಪಬ್ಲಿಕನ್ ಮಹಿಳೆಯೂ ಉಳಿಯಲಿಲ್ಲ. ಕ್ಷೇತ್ರದ ಒಂದು ಸಣ್ಣ ಪಾಲು ಮತದಾರರು ಕೊಡುವ ಈ ಶಿಕ್ಷೆಗೆ ಶಾಸಕರು ಹೆದರುವಷ್ಟು ಇಡೀ ರಾಜ್ಯದ ಜನಮತಕ್ಕೆ ಹೆದರುವುದಿಲ್ಲ.

ಹೀಗಾಗಿ ಪಕ್ಷಗಳು ನಿಲುವು ಬದಲಿಸುವ ಬದಲು ಆಟದ ನಿಯಮವನ್ನೇ ಬದಲಿಸಲು ಹೊರಟಿದ್ದರಲ್ಲಿ ಆಶ್ಚರ್ಯವಿಲ್ಲ. ಮತದಾನ ಕಡಿಮೆ, ಖರ್ಚು ಹೆಚ್ಚು ಎಂದು ಆಗಸ್ಟಿನ ವಿಶೇಷ ಚುನಾವಣೆಗಳನ್ನು ಬಹುಪಾಲು ಕೈಬಿಟ್ಟಿದ್ದ ಒಹಾಯೊದ ಶಾಸನಸಭೆ, ಕೆಲವೇ ತಿಂಗಳಲ್ಲಿ, ಸಂವಿಧಾನ ತಿದ್ದುಪಡಿಗೆ ಶೇ 60 ಮತ ಬೇಕೆಂಬ ನಿಯಮ ತರಲು 2023ರ ಆಗಸ್ಟಿನಲ್ಲೇ ಚುನಾವಣೆ ಇಟ್ಟಿತು! ಜನ ಅದನ್ನು ಸೋಲಿಸಿ, ನವೆಂಬರಿನಲ್ಲಿ ಗರ್ಭಪಾತದ ಹಕ್ಕನ್ನು ಸುಮಾರು ಶೇ 57 ಮತಗಳಿಂದ ಸಂವಿಧಾನಕ್ಕೆ ಸೇರಿಸಿದರು. ಫ್ಲಾರಿಡಾದಲ್ಲಿ ಶೇ 60ರ ನಿಯಮ ಮೊದಲೇ ಇದ್ದುದರಿಂದ 2024ರಲ್ಲಿ ಹೆಚ್ಚುಕಡಿಮೆ ಅಷ್ಟೇ ಮತ ಪಡೆದ ತಿದ್ದುಪಡಿ ಬಿದ್ದುಹೋಯಿತು.

ಹಕ್ಕಿನ ಪರ ಮತ ಬಿದ್ದರೆ ಡೆಮಾಕ್ರಟಿಕ್ ಪಕ್ಷಕ್ಕೂ ಬೀಳುತ್ತದೆಂಬ ಊಹೆಗೆ 2022ರ ಮಿಷಿಗನ್ ಪುಷ್ಟಿ ಕೊಟ್ಟಿತ್ತು; ಅಲ್ಲಿ ತಿದ್ದುಪಡಿಯ ಜೊತೆಗೆ ಗವರ್ನರ್ ಹುದ್ದೆಯೂ ಎರಡೂ ಸದನಗಳೂ ಆ ಪಕ್ಷಕ್ಕೆ ದಕ್ಕಿದ್ದವು. 2024 ಆ ಊಹೆಯನ್ನು ಮುರಿಯಿತು. ವಿಷಯವನ್ನು ರಾಜ್ಯಗಳಿಗೆ ಬಿಡುವುದಾಗಿ ಹೇಳಿದ ಟ್ರಂಪ್, ಗರ್ಭಪಾತದ ವಿರುದ್ಧ ಸಂವಿಧಾನ ತಿದ್ದುಪಡಿಯಾಗಬೇಕೆಂಬ ದಶಕಗಳ ಬೇಡಿಕೆಯನ್ನು ರಿಪಬ್ಲಿಕನ್ ಪಕ್ಷದ ಪ್ರಣಾಳಿಕೆಯಿಂದ ಕೈಬಿಡಿಸಿದರು. ಮತದಾರರೂ ಪ್ರಶ್ನೆಗೊಂದು, ಪಕ್ಷಕ್ಕೊಂದು ಗುರುತು ಹಾಕಿ ಅರಿಜೋನ, ಮಿಜೂರಿ, ಮೊಂಟಾನಾ, ನೆವಾಡಗಳಲ್ಲಿ ಹಕ್ಕನ್ನೂ ಟ್ರಂಪ್‌ರನ್ನೂ ಒಟ್ಟಿಗೆ ಗೆಲ್ಲಿಸಿದರು. ಮಿಜೂರಿಯಲ್ಲಿ ಹಕ್ಕಿಗೆ ಶೇ 51.6 ಮತ ಬಿದ್ದರೂ ಶಾಸನಸಭೆ ರಿಪಬ್ಲಿಕನ್ನರ ಕೈಯಲ್ಲೇ ಉಳಿಯಿತು. ಆರೇ ತಿಂಗಳಲ್ಲಿ, 2025ರ ಮೇ ತಿಂಗಳಲ್ಲಿ, ಆ ತಿದ್ದುಪಡಿಯನ್ನು ರದ್ದುಪಡಿಸುವ ಹೊಸ ಪ್ರಶ್ನೆಯನ್ನು ಮತ್ತೆ ಜನರ ಮುಂದಿಡಲು ಆ ಸಭೆ ನಿರ್ಧರಿಸಿತು.