ಕಾಲು ನೆಲಕ್ಕೆ ತಾಗಲಿ

ವೃದ್ಧಾಶ್ರಮಗಳಲ್ಲಿ ಗಾಲಿಕುರ್ಚಿ ಬಹುಮಟ್ಟಿಗೆ ಸಿಬ್ಬಂದಿಯ ಸಾಧನ. ಊಟದ ಹೊತ್ತಿಗೆ ತಳ್ಳಿಕೊಂಡು ಹೋಗಿ, ಆಮೇಲೆ ಟಿ.ವಿ. ಮುಂದೆ ಬ್ರೇಕ್ ಹಾಕಿ ನಿಲ್ಲಿಸಿದರೆ ಕೆಲಸ ಮುಗಿಯಿತು. ಕೂತವರೇ ಅದನ್ನು ಓಡಿಸಬಹುದು, ಓಡಿಸುವುದನ್ನು ಎಪ್ಪತ್ತು ದಾಟಿದ ಮೇಲೂ ಕಲಿಯಬಹುದು ಎಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ.

ಕೆನಡಾದ ಹ್ಯಾಲಿಫ್ಯಾಕ್ಸ್‌ನ ಡಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಡಾ. ಲೀ ಕಿರ್ಬಿ ಮತ್ತು ಸಂಗಡಿಗರು ಗಾಲಿಕುರ್ಚಿ ಓಡಿಸುವುದನ್ನು ಕಲಿಸಲೆಂದೇ ಒಂದು ತರಬೇತಿ ಕ್ರಮವನ್ನು ರೂಪಿಸಿದ್ದಾರೆ. ಬ್ರೇಕ್ ಹಾಕುವುದು, ಜಾಗದಲ್ಲೇ ತಿರುಗುವುದು, ಬಾಗಿಲು ತೆರೆದು ದಾಟುವುದು, ಇಳಿಜಾರು ಹತ್ತುವುದು, ಹೀಗೆ ಒಂದೊಂದು ಕೌಶಲವನ್ನೂ ಬಿಡಿಯಾಗಿ ಪರೀಕ್ಷಿಸಿ, ಬಾರದ್ದನ್ನು ಕಲಿಸುತ್ತಾರೆ. ಒಂದೇ ದಿನ ದಣಿಸುವ ಬದಲು, ಸ್ವಲ್ಪಸ್ವಲ್ಪವೇ ಅಭ್ಯಾಸ ಮಾಡಿಸಿ ನಡುವೆ ಬಿಡುವು ಕೊಟ್ಟರೆ ಕಲಿತದ್ದು ನಿಲ್ಲುತ್ತದೆ. ಹೆಸರು, ದಿನಾಂಕ ಮರೆಯುವವರಲ್ಲೂ ಕೈಕಾಲುಗಳ ರೂಢಿಯ ನೆನಪು ಎಷ್ಟೋ ಕಾಲ ಉಳಿದಿರುತ್ತದೆ.

ಕೈಯಿಂದ ತಳ್ಳುವವರಿಗೆ ಮೊದಲ ಪಾಠ ಉದ್ದನೆಯ, ನಯವಾದ ತಳ್ಳು. ಗಡಿಬಿಡಿಯ ಗಿಡ್ಡ ತಳ್ಳುಗಳಲ್ಲಿ ಭುಜ ಬೇಗ ಸವೆಯುತ್ತದೆ.

ಆದರೆ ಆಶ್ರಮಗಳಲ್ಲಿ ನಿಜವಾದ ಎಂಜಿನ್ ಕಾಲು. ಪಾರ್ಶ್ವವಾಯುವಿನಿಂದ ಒಂದು ಮಗ್ಗುಲು ಸೋತವರು ಒಂದೇ ಕೈಯಿಂದ ತಳ್ಳಿದರೆ ಕುರ್ಚಿ ಸುತ್ತು ಹೊಡೆಯುತ್ತದೆ. ಆ ಗಟ್ಟಿ ಕೈಯ ಕಡೆಯ ಕಾಲನ್ನೂ ನೆಲಕ್ಕೂರಿ ಎಳೆದರೆ ನೇರಕ್ಕೆ ಬರುತ್ತದೆ. ವೇಗದ ಜೊತೆ ದಿಕ್ಕೂ ಕಾಲಿನದೇ. ಸಣ್ಣ ಇಳಿಜಾರು ಹತ್ತಬೇಕಾದರೆ ಹಿಮ್ಮುಖವಾಗಿ ಹತ್ತುವುದು ಹೆಚ್ಚು ಸುಲಭ. ಆಗ ನೆಲವನ್ನು ಒದೆಯುವುದು ತೊಡೆಯ ಮುಂಭಾಗದ ದಪ್ಪ ಸ್ನಾಯು.

ಇಷ್ಟಕ್ಕೂ ಪಾದ ನೆಲ ಮುಟ್ಟಬೇಕಲ್ಲ! ಸಾಮಾನ್ಯ ಕುರ್ಚಿಯ ಆಸನ ಕುಳ್ಳಗಿನ ಅಜ್ಜಿಗೆ ಎತ್ತರವೇ. ಹುಣ್ಣಾಗದಿರಲೆಂದು ಮೇಲೊಂದು ದಪ್ಪ ಕುಶನ್ ಹಾಕಿದರೆ ಇನ್ನೂ ಎರಡು ಇಂಚು ಏರುತ್ತದೆ. ಅವರು ಕಾಲು ಚಾಚಲು ಮುಂದಕ್ಕೆ ಜಾರುತ್ತಾರೆ, ಬೆನ್ನು ಗೂನಾಗುತ್ತದೆ, ಭಾರವೆಲ್ಲ ಬೆನ್ನೆಲುಬಿನ ಬುಡದ ಮೂಳೆಯ ಮೇಲೆ ಬೀಳುತ್ತದೆ. ತಡೆಯಬೇಕೆಂದಿದ್ದ ಹುಣ್ಣು ಅಲ್ಲೇ ಏಳುತ್ತದೆ. ಕೊನೆಗೆ ನಾವು ಆಡುವ ಮಾತು: "ಅಜ್ಜಿಗೆ ಇನ್ನು ಆಗಲ್ಲ." ಆಗದಿರುವುದು ಕುರ್ಚಿಗೆ.

ಆರಿಸಿ, ಅಳತೆಗೆ ಹೊಂದಿಸಿ, ಕಲಿಸಿ, ಆಮೇಲೂ ವಿಚಾರಿಸಿಕೊಳ್ಳಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ. ಆಶ್ರಮಕ್ಕೆ ಕುರ್ಚಿ ದಾನ ಕೊಟ್ಟು ಫೋಟೊ ತೆಗೆಸಿಕೊಳ್ಳುವ ನಾವು ಮೊದಲ ಹೆಜ್ಜೆಯನ್ನೂ ಅರ್ಧಕ್ಕೇ ಬಿಡುತ್ತೇವೆ. ಮುಂದಿನ ಸಲ ಹೋದಾಗ ಟೈರಿಗೆ ಗಾಳಿ ಇದೆಯೇ ನೋಡಿ. ಬಲವಿರುವ ಕಾಲಿನ ಕಡೆಯ ಪಾದಪೀಠ ಸರಿಸಿ, ಹಿಮ್ಮಡಿ ನೆಲಕ್ಕೂರುತ್ತದೆಯೇ ಪರೀಕ್ಷಿಸಿ. ಊರಿದರೆ ಹಿಡಿಕೆ ಬಿಟ್ಟು, ಪಕ್ಕದಲ್ಲಿ ನಡೆಯಿರಿ.