ಟೈರಿನ ಬಿಳಿ ಅಕ್ಷರ: ನಂಬಿದ್ದೇನು, ನಿಜವೇನು?

ಹೋದ ವರ್ಷ ಆಯುಧಪೂಜೆಯ ಹಿಂದಿನ ಸಂಜೆ ನಮ್ಮ ಬೀದಿಯ ಹುಡುಗನೊಬ್ಬ ತನ್ನ ಹಳೇ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೈರಿನ ಉಬ್ಬಕ್ಷರಗಳಿಗೆ ಬಿಳಿ ಬಳಿಯುತ್ತಿದ್ದ. ಗೇಟಿಗೆ ಹೊಡೆದು ಉಳಿದಿದ್ದ ಆಯಿಲ್ ಪೇಂಟ್, ಸಣ್ಣ ಬ್ರಷ್ಷು. ಮರುದಿನ ಚೆಂಡುಹೂವಿನ ಹಾರ, ಬಾಳೆಕಂದು, ಚಕ್ರದಡಿಯ ನಿಂಬೆಹಣ್ಣಿನ ನಡುವೆ ಆ ಅಕ್ಷರಗಳು ಚೆನ್ನಾಗಿಯೇ ಹೊಳೆದವು. ದೀಪಾವಳಿಯ ಹೊತ್ತಿಗೆ ಬಣ್ಣ ಬಿರುಕುಬಿಟ್ಟು ಚಕ್ಕೆ ಎದ್ದಿತ್ತು. ಉಳಿದ ಕಡೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ. "ಪೇಂಟೇ ಡೂಪ್ಲಿಕೇಟ್ ಅನ್ಸುತ್ತೆ ಸಾರ್" ಎಂದ.

ಪಾಪ, ಪೇಂಟಿನದೇನೂ ತಪ್ಪಿಲ್ಲ. ಟೈರಿನ ಬದಿಗೆ 'ಸೈಡ್‌ವಾಲ್' ಎಂಬ ಹೆಸರಿದೆ. ಅದನ್ನು ಗೋಡೆಯಂತೆಯೇ ಕಂಡು ಬಣ್ಣ ಹೊಡೆಯಲು ಹೊರಡುವುದರಿಂದ ಎಡವಟ್ಟು ಶುರುವಾಗುತ್ತದೆ.

ತಪ್ಪು ಕಲ್ಪನೆ 1: ಒಳ್ಳೇ ಆಯಿಲ್ ಪೇಂಟ್ ಹೊಡೆದರೆ ವರ್ಷಗಟ್ಟಲೆ ನಿಲ್ಲುತ್ತದೆ

ಸತ್ಯ: 185/65 ಆರ್15 ಅಳತೆಯ ಟೈರು ಒಂದು ಸುತ್ತಿಗೆ ಎರಡು ಮೀಟರಿಗೆ ತುಸು ಕಡಿಮೆ ದೂರ ಹೋಗುತ್ತದೆ. ಅಂದರೆ ಕಿಲೋಮೀಟರಿಗೆ ಸುಮಾರು 510 ಸುತ್ತು. ಪ್ರತಿ ಸುತ್ತಿನಲ್ಲೂ ಪ್ರತಿ ಅಕ್ಷರ ನೆಲದ ಬಳಿ ಬಂದಾಗ ಗಾಡಿಯ ಭಾರಕ್ಕೆ ಹೊರಕ್ಕೆ ಉಬ್ಬಿ, ಮೇಲೇರಿದಾಗ ಮತ್ತೆ ಮೊದಲಿನಂತಾಗುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವಷ್ಟರಲ್ಲಿ ಈ ಬಗ್ಗಾಟ 70,000 ಸಲ ನಡೆದಿರುತ್ತದೆ. ಆಯಿಲ್ ಪೇಂಟ್ ಒಣಗಿದರೆ ಗಟ್ಟಿ, ಹಿಗ್ಗಲು ಗೊತ್ತಿಲ್ಲ. ಅದಕ್ಕೇ ಬಿರಿಯುತ್ತದೆ. ಟೈರಿಗೆಂದೇ ಸಿಗುವ ಅಕ್ರಿಲಿಕ್ ಪೇಂಟ್ ಪೆನ್ನು, ರಬ್ಬರಿನ ಜೊತೆ ಬಾಗುವ ಅಂಟಿನಿಂದ ಕೂರಿಸುವ ರಬ್ಬರ್ ಅಕ್ಷರಗಳು ಇದಕ್ಕಿಂತ ವಾಸಿ. ಆದರೂ ಪೆನ್ನಿನ ಬಣ್ಣವನ್ನು ಆಗಾಗ ತಿದ್ದುತ್ತಲೇ ಇರಬೇಕು.

ತಪ್ಪು ಕಲ್ಪನೆ 2: ಕಂದು ಕಲೆ ರಸ್ತೆಯ ಧೂಳಿನದು

ಸತ್ಯ: ಅದು ಟೈರಿನ ಒಳಗಿನಿಂದಲೇ ಬಂದದ್ದು. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲೆಂದು ರಬ್ಬರು ಕಲಸುವಾಗಲೇ 6ಪಿಪಿಡಿಯಂಥ ರಾಸಾಯನಿಕ ಮತ್ತು ಮೇಣ ಸೇರಿಸುತ್ತಾರೆ. ಇವು ಮೆಲ್ಲಗೆ ಮೇಲ್ಮೈಗೆ ಒಸರುತ್ತವೆ. ಆ ರಾಸಾಯನಿಕ ಗಾಳಿಗೆ ಸಿಕ್ಕು ಕಂದಾಗುತ್ತದೆ. ನಾವು ಕೊಳೆ ಎಂದು ಶಪಿಸುವುದು ಟೈರಿನ ರಕ್ಷಾಕವಚದ ಬಣ್ಣ. ಬಳಿದ ಬಿಳಿಯ ಅಡಿಯಿಂದಲೂ ಅದು ಒಸರುವುದರಿಂದ ಎಷ್ಟೇ ಒಳ್ಳೆಯ ಬಿಳಿಯೂ ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಬಳಿಯುವ ಮುನ್ನ ಸೋಪುನೀರು, ಗಡಸು ಬ್ರಷ್ಷಿನಿಂದ ಅಕ್ಷರಗಳನ್ನಷ್ಟೇ ಉಜ್ಜಿ, ಪೂರ್ತಿ ಒಣಗಿಸಿದರೆ ಬಣ್ಣ ಇನ್ನಷ್ಟು ದಿನ ಬಾಳುತ್ತದೆ. ಟೈರ್ ಪಾಲಿಶ್ ಬಳಿದ ಮೇಲಂತೂ ಏನೂ ಹಿಡಿಯುವುದಿಲ್ಲ.

ತಪ್ಪು ಕಲ್ಪನೆ 3: ಪೆಟ್ರೋಲು, ಡೀಸೆಲ್ಲಿನಲ್ಲಿ ಒರೆಸಿದರೆ ಟೈರು ಹೊಸದಾಗುತ್ತದೆ

ಸತ್ಯ: ಒಂದು ರಬ್ಬರ್ ಬ್ಯಾಂಡನ್ನು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿ ನೋಡಿ. ಬೆಳಿಗ್ಗೆ ಅದು ಉಬ್ಬಿ, ಮೆತ್ತಗಾಗಿ, ಎಳೆದರೆ ಸುಲಭವಾಗಿ ಹರಿಯುತ್ತದೆ. ಒರೆಸುವಾಗ ಟೈರಿಗೆ ತಗಲುವುದು ಸ್ವಲ್ಪವೇ ಆದರೂ ರಬ್ಬರಿಗೆ ಮಾಡುವ ಕೆಲಸ ಅದೇ. ಜೊತೆಗೆ ಕಾಪಾಡುವ ಮೇಣವನ್ನೂ ಕರಗಿಸಿಕೊಂಡು ಹೋಗುತ್ತದೆ. ಹೊಳಪು ಒಂದೆರಡು ದಿನದ್ದು, ಪೆಟ್ಟು ಉಳಿಯುವಂಥದ್ದು.

ತಪ್ಪು ಕಲ್ಪನೆ 4: ಎಲ್ಲ ಟೈರಿನೊಳಗೂ ಬಿಳಿ ಇದೆ, ಉಜ್ಜಿದರೆ ಈಚೆ ಬರುತ್ತದೆ

ಸತ್ಯ: ಇದಕ್ಕೆ ಅರ್ಧ ಆಧಾರವಿದೆ. ರಬ್ಬರಿನ ಹುಟ್ಟುಬಣ್ಣ ಬಿಳಿಚು. ಮೊದಮೊದಲ ಕಾರುಗಳ ಟೈರುಗಳೂ ಹಾಗೇ ಇದ್ದವು. 20ನೇ ಶತಮಾನದ ಮೊದಲ ದಶಕಗಳಲ್ಲಿ ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಬೆರೆಸಿದಾಗ ಟೈರು ಹಲವು ಪಟ್ಟು ಬಾಳಿಕೆ ಬಂತು. ಕಪ್ಪು ಬಣ್ಣವೂ ಅಂಟಿಕೊಂಡಿತು. ಆಮೇಲೆ ಬಿಳಿ ಶೋಕಿಯಾಗಿ ಮರಳಿತು: ಮೊದಲು ಬಿಳಿ ಪಟ್ಟಿ, 1960ರ ದಶಕದ ಕೊನೆಗೆ ಅಮೆರಿಕದ ವೇಗದ ಕಾರುಗಳಲ್ಲಿ ಬಿಳಿ ಉಬ್ಬಕ್ಷರ. ಅಂಥ ಟೈರಿನ ಬದಿಯಲ್ಲಿ ಕಾರ್ಖಾನೆಯವರೇ ಬಿಳಿ ರಬ್ಬರಿನ ಪದರ ಇಟ್ಟು, ಮೇಲೆ ತೆಳು ಕಪ್ಪು ಹೊದಿಸಿ, ಟೈರು ಬೆಂದ ಮೇಲೆ ಅಕ್ಷರದ ನೆತ್ತಿಯನ್ನಷ್ಟೇ ಯಂತ್ರದಿಂದ ತೇಯುತ್ತಾರೆ. ನಿಮ್ಮ ಮಾಮೂಲಿ ಟೈರಿನಲ್ಲಿ ಆ ಪದರವೇ ಇಲ್ಲ. ಉಪ್ಪುಕಾಗದ ಹಿಡಿದು ಉಜ್ಜಿದಷ್ಟೂ ಕಪ್ಪೇ. ಬ್ಲೇಡಿನಿಂದ ಕೊರೆಯುವುದಂತೂ ಬೇಡವೇ ಬೇಡ. ಬದಿಯಲ್ಲಿ ರಬ್ಬರಿನ ದಪ್ಪ ಕೆಲವೇ ಮಿಲಿಮೀಟರು. ಅದರ ಹಿಂದೆ ಗಾಳಿಯ ಒತ್ತಡ ತಡೆಯುವ ದಾರಗಳಿವೆ. ಅವು ತುಂಡಾದರೆ ಅಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದ ಟೈರು ಎಲ್ಲಿ ಬೇಕಾದರೂ ಸಿಡಿಯಬಹುದು.

ತಪ್ಪು ಕಲ್ಪನೆ 5: ಬಣ್ಣ ಹಚ್ಚಿದರೆ ವೀಲ್ ಬ್ಯಾಲೆನ್ಸ್ ಕೆಡುತ್ತದೆ

ಸತ್ಯ: ಪೆನ್ನಿನಿಂದ ಬಳಿದ ಬಣ್ಣದ ತೂಕ ಲೆಕ್ಕಕ್ಕೆ ಬಾರದಷ್ಟು. 300 ಕಿ.ಮೀ. ವೇಗ ದಾಟುವ ಫಾರ್ಮುಲಾ 1 ಕಾರುಗಳ ಪಿರೆಲ್ಲಿ ಟೈರುಗಳ ಮೇಲೂ ಬಣ್ಣದ ಬರಹವಿದೆ. ಅಲ್ಲಿ ಕೆಂಪು ಮೆದು ರಬ್ಬರಿಗೆ, ಹಳದಿ ಮಧ್ಯಮಕ್ಕೆ, ಬಿಳಿ ಗಡಸಿಗೆ ಗುರುತು.

ತಪ್ಪು ಕಲ್ಪನೆ 6: ಟೈರಿನ ಮೇಲೆ ಬರೆದಿರುವುದೆಲ್ಲ ಕಂಪನಿಯ ಜಾಹೀರಾತು

ಸತ್ಯ: ದೊಡ್ಡ ಅಕ್ಷರ ಜಾಹೀರಾತು, ಸಣ್ಣ ಅಕ್ಷರ ಜಾತಕ. '185/65 ಆರ್15 88ಎಚ್' ಎಂದಿದ್ದರೆ 185 ಮಿ.ಮೀ. ಅಗಲ, ಅದರ ಶೇ. 65ರಷ್ಟು ಬದಿಯ ಎತ್ತರ, 15 ಇಂಚಿನ ರಿಮ್. 88 ಎಂದರೆ ಆ ಟೈರು 560 ಕಿಲೋ ಹೊರಬಲ್ಲದು. 'ಎಚ್' ಎಂದರೆ ಗರಿಷ್ಠ 210 ಕಿ.ಮೀ. ವೇಗ. ಐಎಸ್‌ಐ ಗುರುತೂ ಅಲ್ಲೇ ಇರುತ್ತದೆ. 'ಡಿಒಟಿ' ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನ: 2319 ಎಂದರೆ 2019ರ 23ನೇ ವಾರ. ಕೆಲವು ಟೈರುಗಳಲ್ಲಿ ಇದು ಒಂದೇ ಬದಿಗಿದ್ದು, ಆ ಬದಿ ಗಾಡಿಯ ಒಳಮುಖಕ್ಕೆ ಬಂದಿರುತ್ತದೆ. ಸೆಕೆಂಡ್ ಹ್ಯಾಂಡ್ ಟೈರಿಗೆ ದಪ್ಪಗೆ ಕಪ್ಪು ಬಳಿದಿದ್ದರೆ ಮೊದಲು ಕೆರೆದು ನೋಡಬೇಕಾದ್ದು ಈ ಅಂಕಿಗಳನ್ನೇ.

ಈ ಸಲದ ಹಬ್ಬಕ್ಕೆ ಹುಡುಗ ಅಕ್ರಿಲಿಕ್ ಪೆನ್ನು ತಂದಿದ್ದ. ಸೋಪುನೀರಲ್ಲಿ ಉಜ್ಜುತ್ತಿದ್ದಂತೆ ಸ್ಟೆಪ್ನಿಯ ಮೇಲೆ ಅಂಕಿಗಳು ಕಂಡವು: 1711. ನಾನು ಮೊಬೈಲ್ ಟಾರ್ಚ್ ಹಿಡಿದೆ, ಅವನು ಬೆರಳಿಟ್ಟು ಮತ್ತೊಮ್ಮೆ ಓದಿದ. 2011ರ 17ನೇ ವಾರ. ಗ್ರಿಪ್ ಚೆನ್ನಾಗಿಯೇ ಇತ್ತು. ಆದರೆ ಹತ್ತು ವರ್ಷ ದಾಟಿದ ಟೈರನ್ನು ಸವೆಯದಿದ್ದರೂ ಬದಲಿಸಿ ಎನ್ನುತ್ತಾರೆ ಹಲವು ತಯಾರಕರು. ಹುಡುಗ ಪೆನ್ನಿನ ಮುಚ್ಚಳ ಹಾಕಿ ಕೇಳಿದ: "ಟೈರ್ ಅಂಗಡಿ ಎಷ್ಟು ಗಂಟೆವರೆಗೂ ತೆಗೆದಿರುತ್ತೆ ಸಾರ್?"