ಗಡಿಸೀಮೆಯ ಕರಿ ಆಡು

ಆಳಂದ ತಾಲ್ಲೂಕಿನ ಗಡಿಯಂಚಿನ ಊರಿನ ಆ ಅವ್ವನಿಗೆ ಎಪ್ಪತ್ತರ ಆಸುಪಾಸು. ಹೊಲವಿಲ್ಲ; ಆರು ಆಡುಗಳಿವೆ, ಎಲ್ಲವೂ ಕರಿ. ನಾವು ಹೋದಾಗ ಒಂದು ಆಗಷ್ಟೇ ಈದಿತ್ತು, ಅವಳಿ ಮರಿ. ಗಟ್ಟಿ ಮರಿ ಆಗಲೇ ಎದ್ದು ಕೆಚ್ಚಲು ಹುಡುಕುತ್ತಿತ್ತು. ಅವ್ವ ಅದನ್ನು ಮೊಣಕಾಲಿನಿಂದ ಬದಿಗೆ ಒತ್ತಿದರು. ಎರಡು ಹನಿ ನೆಲಕ್ಕೆ ಕರೆದು, ಬಡಕಲು ಮರಿಯ ಬಾಯಿಗೆ ಮೊಲೆ ಇಟ್ಟರು. "ಗಿಣ್ಣದ ಹಾಲು ಹೊಟ್ಟಿಗಿ ಬಿತ್ತಂದ್ರ ಬದುಕ್ತದಪ್ಪ. ದೊಡ್ಡದಕ್ಕೇನು, ಅದು ಕಸಕೊಂಡು ಕುಡೀತದ" ಎಂದರು. ತಾಯಿ ಮೇಯಲು ಹೋದಾಗ ಮರಿಗಳು ಬುಟ್ಟಿಯ ಕೆಳಗೆ. ನಾಯಿ ಕಾಟಕ್ಕೆ ಬುಟ್ಟಿಯ ಮೇಲೊಂದು ಕಲ್ಲು.

ಇದು ಉಸ್ಮಾನಾಬಾದಿ ತಳಿ, ಮುಖ್ಯವಾಗಿ ಮಾಂಸಕ್ಕೆ ಸಾಕುವಂಥದ್ದು. ಮೂಲ ನೆಲೆ ಗಡಿಯಾಚೆಯ ಉಸ್ಮಾನಾಬಾದ್, ಲಾತೂರು, ಸೊಲ್ಲಾಪುರ. ಉಸ್ಮಾನಾಬಾದ್ ಈಗ ಧಾರಾಶಿವ ಆಗಿದೆ. ಆಡು ಹಳೆಯ ಹೆಸರಲ್ಲೇ ಮೇಯುತ್ತಿದೆ. ಉಸ್ಮಾನಾಬಾದೂ ನಮ್ಮ ಕಲಬುರಗಿ, ಬೀದರೂ 1948ರವರೆಗೆ ಒಂದೇ ನಿಜಾಮ ಸಂಸ್ಥಾನ. ಆಡಿಗೆ ಗಡಿ ಯಾವತ್ತೂ ಗೊತ್ತಿಲ್ಲ. ಬೀದರ್ ಕಡೆಯ ಆಡನ್ನು ಈಗ 'ಬಿದ್ರಿ' ಎಂಬ ಪ್ರತ್ಯೇಕ ತಳಿಯಾಗಿ ಗುರುತಿಸಿದ್ದಾರೆ. ಅವ್ವನಿಗೆ ಇವೆಲ್ಲ 'ಕರಿ ಆಡು', ಅಷ್ಟೇ.

ಐದು ತಿಂಗಳ ಗಬ್ಬ. ಆರೈಕೆ ಚೆನ್ನಾಗಿದ್ದರೆ ಎರಡು ವರ್ಷಕ್ಕೆ ಮೂರು ಸಲ ಈಯುತ್ತದೆ, ಅವಳಿ ಸಾಮಾನ್ಯ. ಬೆಳೆದ ಆಡಿನ ತೂಕ 30 ಕೆ.ಜಿ. ಆಸುಪಾಸು. ಬಿಸಿಲು, ಬರ, ಮುಳ್ಳು ಯಾವುದಕ್ಕೂ ಅಂಜದು. ಬೇಸಿಗೆಯಲ್ಲಿ ಜಾಲಿಕಾಯಿ, ಬೇವಿನ ಸೊಪ್ಪು, ತೊಗರಿ ಹೊಟ್ಟು ಸಾಕು. ಆದರೆ ಸೊಪ್ಪನ್ನು ಹಗ್ಗಕ್ಕೆ ಕಟ್ಟಿ ತೂಗುಹಾಕಬೇಕು. ನೆಲಕ್ಕೆ ಬಿದ್ದು ಗಂಜಲ ತಾಗಿದ್ದನ್ನು ಮೂಸಿಯೂ ನೋಡದು. ಆಡು ಮುಟ್ಟದ ಸೊಪ್ಪಿಲ್ಲ ಎಂದವರು ಇದರ ಹಠ ಕಂಡಿರಲಿಕ್ಕಿಲ್ಲ.

ಹೊಲವಿಲ್ಲದವರಿಗೆ ಇದೇ ಗಂಟು. ಮಗಳ ಬಾಣಂತನ, ಮೊಮ್ಮಗನ ಶಾಲೆ ಫೀ, ಎಲ್ಲಕ್ಕೂ ಆಡೇ ಸಂತೆಗೆ ಹೋಗಿದೆ. "ಬ್ಯಾಂಕಿನ್ಯಾಗ ಇಟ್ಟ ರೊಕ್ಕ ಮರಿ ಹಾಕ್ತದೇನು?" ಎಂದು ಅವ್ವ ನಕ್ಕರು. ಆಡಿಲ್ಲದವರೂ ಪಾಲಿಗೆ ತಂದು ಸಾಕಿ, ಹುಟ್ಟಿದ ಮರಿಗಳಲ್ಲಿ ಅರ್ಧ ಪಡೆಯುವುದುಂಟು.

ಈ ತಳಿಗೆ ನಿಜವಾದ ಪೆಟ್ಟು ಬಿದ್ದಿರುವುದು ಸಂತೆಯಲ್ಲೇ. ಬಕ್ರೀದ್ ಹತ್ತಿರ ಬಂತೆಂದರೆ ಬೇಗ ಬೆಳೆದ, ಮೈ ತುಂಬಿದ ಹೋತಕ್ಕೇ ಮೊದಲ ಗಿರಾಕಿ. ಒಳ್ಳೆಯದು ಲಾರಿ ಹತ್ತುತ್ತದೆ, ಉಳಿದ ಸೊರಗಿದ್ದು ಊರಿನ ಹಿಂಡಿಗೆ ಬೀಜದ ಹೋತವಾಗುತ್ತದೆ. ವರ್ಷ ವರ್ಷವೂ ಹೀಗೇ ಆದರೆ ತಳಿ ಕುಗ್ಗದೆ ಇನ್ನೇನು? ಗಾಯರಾಣ ಜಮೀನು ಒತ್ತುವರಿಯಾಗಿ ಮೇವಿನ ನೆಲವೂ ಕರಗುತ್ತಿದೆ. ಕೆಲವರು ತೂಕದ ಆಸೆಗೆ ದಕ್ಷಿಣ ಆಫ್ರಿಕಾದ ಬೋಯರ್ ಹೋತ ಕಟ್ಟಿದ್ದಾರೆ. ಆ ತಳಿಯ ಹೋತ ನೂರು ಕೆ.ಜಿ. ದಾಟಬಹುದು, ಸರಿ, ಆದರೆ ಅಷ್ಟು ಮೈಗೆ ಅಷ್ಟೇ ಮೇವೂ ಬೇಕು. ಅವ್ವನ ಬಳಿ ಇರುವುದು ಜಾಲಿಕಾಯಿ.

ನಮ್ಮ ತಳಿ ಉಳಿಸಲು ಭಾರೀ ಯೋಜನೆ ಬೇಕಿಲ್ಲ. ಇಪ್ಪತ್ತೈದು ಮೂವತ್ತು ಆಡುಗಳಿಗೆ ಒಂದು ಒಳ್ಳೆಯ ಹೋತ ಸಾಕು. ಗ್ರಾಮ ಪಂಚಾಯಿತಿಗಳು ಅಂಥದ್ದೊಂದನ್ನು ಮಾರದಂತೆ ಉಳಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಪಕ್ಕದೂರಿನ ಹೋತದೊಂದಿಗೆ ಅದಲು ಬದಲು ಮಾಡಿಕೊಳ್ಳಲಿ. ಈ ಸಲದ ಬಕ್ರೀದ್ ಸಂತೆಗೆ ಮುಂಚೆಯೇ ಶುರು ಮಾಡಿದರೆ ಒಳ್ಳೆಯದು.